ದೊಡ್ಡವ್ವನ ಗಿಳಿಹಸಿರು

ನಮ್ಮ ದೊಡ್ಡವ್ವ ಒಂದು ತೆಲುಗು ಸಿನಿಮಾದಲ್ಲಿದ್ದಾಳೆ. ಹಾಗಂತ ಅವಳೊಬ್ಬಳೇ ಹೇಳುತ್ತಿದ್ದಳು. ಮದುವೆಯಾದ ಹೊಸದರಲ್ಲಿ ತವರೂರು ಗದ್ವಾಲಿಗೆ ಹೋಗಿದ್ದಾಗ ಕೋಟೆಯಲ್ಲಿ ಶೂಟಿಂಗ್ ನಡೆದಿತ್ತಂತೆ. ಗಿಳಿಹಸಿರು ಸೀರೆ ಉಟ್ಟಿದ್ದ ಇವಳನ್ನೂ ಜನರ ಗುಂಪಿನಲ್ಲಿ ನಿಲ್ಲಿಸಿದ್ದರಂತೆ. ಟಿವಿಯಲ್ಲಿ ಆ ಸಿನಿಮಾ ಬಂದಾಗಲೆಲ್ಲ ಹುಡುಕಿದೆವು. ಅವಳು ತೋರಿಸುವ ಕಂಬದ ಪಕ್ಕ ಮುಖವೇ ಇಲ್ಲದ ಒಂದು ಕರಿ ಸೀರೆ ಬಿಟ್ಟರೆ ಏನೂ ಇರಲಿಲ್ಲ. ಅಪ್ಪನಂತೂ ಅತ್ತಿಗೆಯನ್ನು ವರ್ಷಗಟ್ಟಲೆ "ಹೀರೋಯಿನ್ ಬಂದ್ರು, ದಾರಿ ಬಿಡ್ರಿ" ಎಂದು ಕಾಡಿದ. ಅವಳು ನಗುತ್ತಿದ್ದಳು, ಆದರೆ ಅವತ್ತು ಊಟಕ್ಕೆ ಎಲ್ಲರಿಗಿಂತ ಕೊನೆಗೆ ಬರುತ್ತಿದ್ದಳು. ನನಗದನ್ನು ಸಹಿಸಲಾಗುತ್ತಿರಲಿಲ್ಲ.

ತೆಲಂಗಾಣ ಬೇರೆ ರಾಜ್ಯವಾದ ವರ್ಷ ಅದೇ ಸಿನಿಮಾ ಬ್ಲೂ-ರೇ ಡಿಸ್ಕಾಗಿ ಬಂತು. ಮೂಲ ನೆಗೆಟಿವ್‌ನಿಂದ ತೆಗೆದದ್ದು ಎಂದು ಡಬ್ಬಿಯ ಮೇಲೆ ಬರೆದಿತ್ತು. ಚಿತ್ರದ ಗುಣಮಟ್ಟದ ವಿಷಯದಲ್ಲಿ ನಾನು ಅಕ್ಕಿಯಲ್ಲಿ ಕಲ್ಲು ಆರಿಸುವ ಜಾತಿ, ಇಂಥ ಮಾತು ಸುಮ್ಮನೆ ನಂಬುವವನಲ್ಲ. ಆದರೂ ಡಿಸ್ಕ್ ಕೈಗೆ ಬಂದ ದಿನವೇ ಮಕ್ತಲ್‌ಗೆ ಓಡಿ, ಗೆಳೆಯನ ಪ್ಲೇಯರನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನಾರಾಯಣಪೇಟೆಯ ನಮ್ಮ ಮನೆಗೆ ತಂದೆ.

ಮೊದಲ ದೃಶ್ಯಕ್ಕೇ ಕುಣಿಯುವಂತಾಯಿತು! ಗೋಡೆಯ ಒಂದೊಂದು ಕಲ್ಲೂ ಬೇರೆ ಬೇರೆ ಕಾಣುತ್ತಿತ್ತು, ನಾಯಕನ ಹಣೆಯ ಬೆವರೂ ಸಹ. ಚಿತ್ರದ ತುಂಬ ಹಳೇ ಫಿಲ್ಮಿನ ಸಣ್ಣ ಕಾಳು ಮಿನುಗುತ್ತಿತ್ತು.

"ಇದೇನೋ, ರವಾ ಉದುರಾಕ ಹತ್ತೈತಿ?" ಎಂದ ಅಪ್ಪ.

"ಅದು ಫಿಲಮಿಂದಽ ಕಾಳು. ಕಂಪ್ಯೂಟರಿನ್ಯಾಗ ಒರೆಸಿದ್ರ ಮುಖ ಮೇಣದ ಗೊಂಬಿ ಆಗತಾವು. ಹಂಗಽ ಬಿಟ್ಟಾರ, ತಿಳಿದ ಮಂದಿ!" ಎಂದು ಕೂಗಿದೆ.

ಗುಂಪಿನ ದೃಶ್ಯ ಬಂತು. ಚಿತ್ರ ನಿಲ್ಲಿಸಿದೆ. ಕಿಟಕಿಯ ಬೆಳಕು ಪರದೆಯ ಆ ಮೂಲೆಗೇ ಬಿದ್ದು ಕಂಬದ ಪಕ್ಕದ ಸೀರೆಯ ಬಣ್ಣ ತಿಳಿಯಲಿಲ್ಲ. ನಮ್ಮದು ಸೀರೆ ವ್ಯಾಪಾರದ ಮನೆ. ಅಂಗಡಿಯ ದೀಪದಲ್ಲಿ ನಮ್ಮವರಾರೂ ಬಣ್ಣ ಒಪ್ಪುವುದಿಲ್ಲ, ಸೀರೆಯನ್ನು ಹೊಸ್ತಿಲಿಗೆ ಒಯ್ದು ಬಿಸಿಲಿಗೆ ಹಿಡಿಯಬೇಕು. ದೊಡ್ಡವ್ವ ಎದ್ದು ನಿಂತಳು.

"ಟಿವಿ ಬಾಗಿಲಿಗೆ ತರ್ರಿ. ಬಣ್ಣ ಬಿಸಲಾಗ ನೋಡಬೇಕು."

ಅಪ್ಪ ಒಂದು ಕಡೆ, ನಾನೊಂದು ಕಡೆ ಹಿಡಿದು, ವೈರು ಎಟುಕುವಷ್ಟು ಎಳೆದು, ಹೊಸ್ತಿಲ ಬಳಿ ಇಟ್ಟೆವು. ಬಿಸಿಲಿಗೆ ಪರದೆ ಕನ್ನಡಿಯಾಗಿ, ಅದರಲ್ಲಿ ಕಂಡದ್ದು ಎದುರುಮನೆಯ ಎಮ್ಮೆ! ಅಪ್ಪ ಹೊಟ್ಟೆ ಹಿಡಿದು ನಕ್ಕ. ದೊಡ್ಡವ್ವನ ಮುಖ ಸಣ್ಣದಾಯಿತು.

ನನಗೆ ಸಿಟ್ಟು ಬಂತು. ಟಿವಿಯನ್ನು ಒಳಗೆ ತಂದು ಕಿಟಕಿ ಬಾಗಿಲು ಎಲ್ಲ ಮುಚ್ಚಿದೆ.

ಕಂಬದ ಪಕ್ಕ ಕರಿ ಸೀರೆ ಇರಲೇ ಇಲ್ಲ. ಗಿಳಿಹಸಿರು! ಕುಂಕುಮ ಬಣ್ಣದ ಅಂಚು, ಗದ್ವಾಲ್ ಸೀರೆಗಳಲ್ಲಿ ಇರುವಂತೆ ಮೈಗೂ ಅಂಚಿಗೂ ನೂಲು ಕೂಡಿಸಿದ ಗೆರೆ ಸಹಿತ. ಆ ಸೀರೆಯಲ್ಲಿ ಎಳೆಯ ದೊಡ್ಡವ್ವ ನಿಂತು ಕ್ಯಾಮೆರಾವನ್ನೇ ದಿಟ್ಟಿಸುತ್ತಿದ್ದಳು. ಖುಷಿಗೆ ನನ್ನ ಕಣ್ಣು ತುಂಬಿ ಬಂತು, ಹೋ ಎಂದು ಕಿರುಚಿಬಿಟ್ಟೆ.

ಅಪ್ಪ ಪರದೆಯ ಹತ್ತಿರ ಬಗ್ಗಿ ನೋಡಿದ. "ವೈನೀ, ನೀವಽ ಅದೀರಲ್ರೀ!"

"ನಾ ಅಲ್ಲಿ ಅದೀನಂತ ನನಗ ಗೊತ್ತಿತ್ತಪಾ," ಎಂದಳು ದೊಡ್ಡವ್ವ. "ಮನ್ಯಾಗಿದ್ದಾಕಿ ಮಾತು ನಂಬಾಕ ನಿಮಗ ಡಿಸ್ಕು ಬೇಕಾತು."