ಮಂಗಳವಾರದ ಅಲೆಗಳು

ನಾನು ಎಬೊ ಎಜಿರ್ ಮೇಷ್ಟ್ರನ್ನು ಮದುವೆಯಾದಾಗ ನಮ್ಮ ಬೆಸ್ತರ ಹಳ್ಳಿ ಎಸಿಯಮ್‌ಪ್ವಾನೊದ ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನು ಮೀನಿಗೆ ಹೊಗೆ ಕೊಟ್ಟು ಮಾರುವವಳು. ನನ್ನ ಅಜ್ಜ, ಸೋದರಮಾವಂದಿರು, ತಮ್ಮ, ಎಲ್ಲರೂ ದೋಣಿಯವರು. ಮೇಷ್ಟ್ರಿಗೋ ಈಜು ಕೂಡ ಬರುತ್ತಿರಲಿಲ್ಲ.

"ಎಫುವಾ, ನಿನ್ನ ಗಂಡ ಮೀನನ್ನ ತಟ್ಟೇಲಿ ಬಿಟ್ರೆ ಇನ್ನೆಲ್ಲಾದ್ರೂ ನೋಡಿದಾರೇನೇ?" ಎಂದು ಕೇಳಿದರು.

"ನಿಮ್ಮ ಗಂಡಂದಿರು ಪುಸ್ತಕಾನ ಮೀನು ಸುತ್ತೋಕೆ ಬಿಟ್ರೆ ಇನ್ಯಾತಕ್ಕಾದ್ರೂ ಮುಟ್ಟಿದಾರಾ?" ಎಂದೆ. ಬಾಯಿ ಮುಚ್ಚಿಸುವುದರಲ್ಲಿ ನನಗೆ ಸರಿಸಾಟಿ ಯಾರೂ ಇರಲಿಲ್ಲ. ಈ ಗುಣವನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ಕಾಲವೂ ಒಂದಿತ್ತು.

ಘಾನಾಕ್ಕೆ ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿದ್ದ ಕಾಲ ಅದು. ಮೇಷ್ಟ್ರು ಮಿಷನ್ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಮೇಷ್ಟ್ರ ತರಬೇತಿಗಿಂತ ಮುಂದೆ ಓದಿದವರಲ್ಲ. ತಮ್ಮ ದೇಶಕ್ಕೆ ಮರಳುತ್ತಿದ್ದ ಪಾದ್ರಿಯೊಬ್ಬರು ಒಂದು ಪೆಟ್ಟಿಗೆ ಪುಸ್ತಕ ಬಿಟ್ಟುಹೋಗಿದ್ದರು. ಅದರಲ್ಲಿದ್ದ ಭೌತಶಾಸ್ತ್ರವನ್ನು ಇವರು ಒಬ್ಬರೇ ಅಗಿದು ಅಗಿದು ನುಂಗಿದ್ದರು. ಶಾಲೆಯ ಓಟದ ಪಂದ್ಯಕ್ಕೆ ಬಳಸುವ ಗಡಿಯಾರ ಹಿಡಿದು, ಪಾಠ ಮುಗಿದ ಮೇಲೆ ಅಲ್ಲಿನ ಜಗುಲಿಯಲ್ಲಿ ಕೂತು ಅಲೆ ಎಣಿಸುತ್ತಿದ್ದರು. ದೂರದ ಕಪ್ಪು ಬಂಡೆ ಒಮ್ಮೆ ಮುಳುಗಿದ್ದಕ್ಕೂ ಮತ್ತೊಮ್ಮೆ ಮುಳುಗುವುದಕ್ಕೂ ನಡುವೆ ಎಷ್ಟು ಸೆಕೆಂಡು ಎಂದು ಬರೆದಿಡುವುದೇ ಕೆಲಸ. ಹೀಗೆ ಆರು ವರ್ಷ.

ದಿನವೂ ಎಣಿಸುತ್ತಿದ್ದರು. ಆದರೆ ದೋಣಿಗಳು ಅಡ್ಡಾಡಿದರೆ ಬಂಡೆ ಮರೆಯಾಗಿ ಲೆಕ್ಕ ತಪ್ಪುತ್ತಿತ್ತು. ಮಂಗಳವಾರ ಮಾತ್ರ ಅವರಿಗೆ ಹಬ್ಬ. ಮಂಗಳವಾರ ಕಡಲದೇವರು ಬೊಸೊಂಪೊ ಮಲಗುವ ದಿನ, ಅಂದು ಯಾರೂ ಕಡಲಿಗೆ ಇಳಿಯುವುದಿಲ್ಲ. ಗಂಡಸರು ದಡದಲ್ಲಿ ಕೂತು ಬಲೆ ಹೊಲಿಯುತ್ತಾರೆ, ಜಗಳ ತೀರಿಸಿಕೊಳ್ಳುತ್ತಾರೆ, ಹೊಸ ಜಗಳ ಹುಟ್ಟಿಸುತ್ತಾರೆ.

ಅವರು ಕಂಡುಹಿಡಿದದ್ದನ್ನು ನನಗೆ ಹೀಗೆ ಬಿಡಿಸಿ ಹೇಳಿದ್ದರು. "ನೋಡು, ಶಾಲೆ ಗಂಟೆ ಹೊಡೀತು ಅನ್ನು. ಉದ್ದ ಕಾಲಿನ ಮಕ್ಕಳು ಮೊದಲು ಮನೆ ಸೇರ್ತಾರೆ, ಗಿಡ್ಡ ಕಾಲಿನವರು ಹಿಂದೆ ಬರ್ತಾರೆ. ಇವರಿಗೂ ಅವರಿಗೂ ಎಷ್ಟು ಹೊತ್ತಿನ ಅಂತರ ಅಂತ ನೋಡಿದ್ರೆ, ಶಾಲೆ ಎಷ್ಟು ದೂರ ಇದೆ ಅಂತ ನೀನು ಮನೇಲಿ ಕೂತೇ ಹೇಳಬಹುದು. ಅಲೆಗಳೂ ಹಾಗೇನೇ. ಭೂಮಿಯ ಬುಡದಲ್ಲೆಲ್ಲೋ ಬಿರುಗಾಳಿ ಏಳುತ್ತೆ. ಉದ್ದುದ್ದ ಅಲೆ ಮೊದಲು ಬರುತ್ತೆ, ಒಂದಕ್ಕೂ ಇನ್ನೊಂದಕ್ಕೂ ಹೊತ್ತು ಜಾಸ್ತಿ, ಮೆತ್ತಗೆ, ಯಾರಿಗೂ ಗೊತ್ತೇ ಆಗಲ್ಲ. ದೊಡ್ಡವು ಮಾರನೇ ದಿನ ಬರ್ತವೆ."

"ಬಂದ್ರೆ?"

"ದಡದ ಹತ್ತಿರ ದೋಣಿ ಉಳಿಯಲ್ಲ."

ಒಂದು ಜುಲೈ ತಿಂಗಳ ಮಂಗಳವಾರ ಮೇಷ್ಟ್ರು ಜಗುಲಿಯಿಂದ ಇಳಿದು ಓಡಿಬಂದರು. ಬೆಸ್ತರ ಮುಖಂಡ ನಾನಾ ಅಮಿಸಾ ಮರದಡಿ ಬಲೆ ಹಿಡಿದು ಕೂತಿದ್ದರು. ನಾಳೆ ಮಧ್ಯಾಹ್ನ ದೊಡ್ಡ ಅಲೆ ಬರುತ್ತದೆ, ದೋಣಿ ಇಳಿಸಬೇಡಿ ಎಂದು ಇವರು ಎಲ್ಲರೆದುರು ಹೇಳಿದರು. ಮುಖಂಡರು ಆಕಾಶ ನೋಡಿದರು. ಒಂದು ತುಣುಕು ಮೋಡವಿಲ್ಲ.

"ಮೇಷ್ಟ್ರೇ, ಬೊಸೊಂಪೊ ನಿಮಗೆ ಕಾಗದ ಬರೆದಿದಾನೋ?" ಎಂದರು. ದಡವೆಲ್ಲ ನಕ್ಕಿತು.

ಬುಧವಾರ ಮಧ್ಯಾಹ್ನ ಮೂರು ದೋಣಿ ಒಡೆದವು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಈಗಲಾದರೂ ಇವರಿಗೆ ಮಣೆ ಹಾಕುತ್ತಾರೆ ಅಂದುಕೊಂಡೆ. ನಾನೆಂಥ ದಡ್ಡಿ! ಸಂಜೆಯೊಳಗೆ ಊರು ಒಂದೇ ಮಾತು ಆಡಿತು: ಮಲಗಿದ ದೇವರ ಉಸಿರು ಎಣಿಸಿ ಎಬ್ಬಿಸಿದವನು ಇವನೇ, ಅಲೆಯನ್ನು ಕರೆದವನು ಇವನೇ. ಇಲ್ಲದಿದ್ದರೆ ಇವನಿಗೆ ಹೇಗೆ ಗೊತ್ತು? ಸಭೆ ಸೇರಿ ಒಂದು ಕುರಿ, ಎರಡು ಬಾಟಲಿ ಜಿನ್ ದಂಡ ಹಾಕಿದರು. ಮೇಷ್ಟ್ರು ಕುರಿಯ ಹಗ್ಗ ಹಿಡಿದು ಎಳೆದುಕೊಂಡು ಹೋದದ್ದನ್ನು ನಮ್ಮ ಶಾಲೆಯ ಮಕ್ಕಳು ಸಾಲಾಗಿ ನಿಂತು ನೋಡಿದರು.

ಅಷ್ಟಕ್ಕೇ ಮುಗಿದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಆದರೆ ಮೂರು ತಿಂಗಳು ಒಂದು ದೋಣಿಯವರೂ ನನಗೆ ಮೀನು ಕೊಡಲಿಲ್ಲ. ನನ್ನ ಒಲೆಗಳು ತಣ್ಣಗೆ ಕೂತವು. ನಾನು ಮೇಷ್ಟ್ರ ಕೈ ಹಿಡಿದು ನನ್ನ ತಲೆಯ ಮೇಲೆ ಇಟ್ಟುಕೊಂಡೆ. "ಎಣಿಸಿ, ಬೇಕಾದಷ್ಟು ಎಣಿಸಿ. ಆದ್ರೆ ಇನ್ನೊಂದ್ಸಲ ಅಲೆ ವಿಷಯ ಯಾರ ಮುಂದಾದ್ರೂ ಬಾಯಿ ಬಿಟ್ರೆ ನಾನು ಅಮ್ಮನ ಮನೆಗೆ ಹೋಗ್ತೀನಿ, ವಾಪಸ್ ಬರಲ್ಲ. ಆಣೆ ಮಾಡಿ."

"ಜನ ಮುಳುಗಿದ್ರೆ?"

"ನೀವು ಹುಟ್ಟೋಕೆ ಮುಂಚೆನೂ ಕಡಲಿತ್ತು. ಆಣೆ ಮಾಡಿ."

ಮಾಡಿದರು. ನಾನು ಗೆದ್ದೆ.

ಆ ವರ್ಷವೇ ರಾಜಧಾನಿ ಅಕ್ರಾದ ದೊಡ್ಡ ಪ್ರೊಫೆಸರರಿಂದ ಒಂದು ಕಾಗದ ಬಂತು. ಮೇಷ್ಟ್ರು ತಮ್ಮ ಲೆಕ್ಕವನ್ನೆಲ್ಲ ನಕಲು ಮಾಡಿ ಅವರಿಗೆ ಕಳಿಸಿದ್ದರಂತೆ, ನನಗೆ ಗೊತ್ತಿರಲಿಲ್ಲ. ಲೆಕ್ಕ ಪೂರ್ತಿ ಸರಿಯಾಗಿದೆ, ಆದರೆ ಇದನ್ನು ಇಂಗ್ಲೆಂಡಿನಲ್ಲಿ ಎಷ್ಟೋ ವರ್ಷದ ಹಿಂದೆಯೇ ಕಂಡುಹಿಡಿದಿದ್ದಾರೆ ಎಂದು ಬರೆದಿತ್ತು. ಇವರು ಅಂಗಳದಲ್ಲಿ ಕುಣಿದಾಡಿಬಿಟ್ಟರು.

"ಸರಿ ಅಂದ್ರಲ್ಲ ಎಫುವಾ! ಪೂರ್ತಿ ಸರಿ ಅಂದ್ರು!"

"ಅವರೆಲ್ಲ ಉಂಡು ಕೈ ತೊಳೆದ ಮೇಲೆ ನೀವು ತಟ್ಟೆ ಹಿಡ್ಕೊಂಡು ಹೋದ್ರಿ."

"ಹೋದ್ರೇನಂತೆ? ನಾನೂ ಅದೇ ಊಟ ಮಾಡಿದೆನಲ್ಲ," ಎಂದು ನಕ್ಕರು. ಅಂಥ ಮನುಷ್ಯನನ್ನು ಬೈಯುವುದಾದರೂ ಹೇಗೆ? ಆದರೂ ಬೈದೆ.

ಮರುವರ್ಷ ಮತ್ತೆ ಜುಲೈ ಬಂತು. ದೋಣಿಯವರು ನನಗೆ ಮತ್ತೆ ಮೀನು ಕೊಡಲು ಶುರು ಮಾಡಿ ಇನ್ನೂ ವರ್ಷ ತುಂಬಿರಲಿಲ್ಲ. ಅವತ್ತು ಮಂಗಳವಾರ. ಮೇಷ್ಟ್ರು ಶಾಲೆಯಿಂದ ಬಂದವರು ಅಂಗಿಯನ್ನೂ ತೆಗೆಯದೆ ಕೂತರು. ಮೆಕ್ಕೆಜೋಳದ ಕೆಂಕೆ ಉಂಡೆಯ ಎಲೆ ಬಿಡಿಸಿ, ಮೆಣಸಿನ ಗೊಜ್ಜು, ಹುರಿದ ಮೀನು ಜೊತೆಗಿಟ್ಟೆ. ಮುಟ್ಟಲಿಲ್ಲ. ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ: ನನಗೆ ಗೊತ್ತಾಯಿತು.

ಅಷ್ಟರಲ್ಲಿ ನನ್ನ ತಮ್ಮ ಫೀಫಿ ಬಂದ. ದೋಣಿಯ ಚುಕ್ಕಾಣಿ ಹಿಡಿಯುವವನು, ಮದುವೆಗೆ ಹುಡುಗಿ ಗೊತ್ತಾಗಿತ್ತು. ಬಂದವನೇ ಮೇಷ್ಟ್ರ ತಟ್ಟೆಗೆ ಕೈ ಹಾಕಿದ. "ಯಾಕೆ ಭಾವ, ಅಕ್ಕನ ಅಡುಗೆ ಅಷ್ಟು ಕೆಟ್ಟಿದೆಯಾ?"

"ಫೀಫಿ," ಎಂದರು ಮೇಷ್ಟ್ರು. "ನಾಳೆ..."

"ನಾಳೆ ಏನು ಭಾವ?"

ಅವರು ನನ್ನ ಕಡೆ ನೋಡಿದರು. ಕಣ್ಣಿನಲ್ಲೇ ಅಪ್ಪಣೆ ಕೇಳಿದರು. ಫೀಫಿಯ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಹೇಳಿದರೆ ಗಳಿಗೆಯಲ್ಲಿ ದಡಕ್ಕೆಲ್ಲ ಗೊತ್ತಾಗುತ್ತದೆ. ಮತ್ತೆ ಸಭೆ, ಮತ್ತೆ ಕುರಿ, ಮತ್ತೆ ತಣ್ಣನೆ ಒಲೆ. ಹೋದ ಸಲ ಒಡೆದದ್ದು ಬರೀ ಮರದ ದೋಣಿ, ಹೆಣ ಬೀಳಲಿಲ್ಲವಲ್ಲ ಅಂದುಕೊಂಡೆ.

"ನಾಳೆ ಶಾಲೆಗೆ ಇನ್ಸ್‌ಪೆಕ್ಟರು ಬರ್ತಾರಂತೆ ಕಣೋ," ಎಂದೆ. "ಅದಕ್ಕೆ ನಿನ್ನ ಭಾವನಿಗೆ ಹೊಟ್ಟೆ ತೊಳಸ್ತಿದೆ."

ಫೀಫಿ ಹೊಟ್ಟೆ ಹಿಡಿದು ನಕ್ಕ. ಮೀನಿನ ತಲೆಯನ್ನು ಚೀಪಿ, ಕೈಯನ್ನು ನನ್ನ ಬಟ್ಟೆಯ ಅಂಚಿಗೆ ಒರೆಸಿ ಹೋದ.

ಬುಧವಾರ ಮಧ್ಯಾಹ್ನ ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ದೋಣಿಗಳು ಮೀನು ತುಂಬಿಕೊಂಡು ಬರುತ್ತಿದ್ದವು. ನಾವು ಹೆಂಗಸರು ಬುಟ್ಟಿ ಹಿಡಿದು ನಿಂತಿದ್ದೆವು. ಫೀಫಿಯ ದೋಣಿ ದಡಕ್ಕೆ ಇನ್ನೇನು ಮುಟ್ಟಬೇಕು, ಹಿಂದಿನಿಂದ ಅಲೆ ಎದ್ದು ಅದನ್ನು ನೆಟ್ಟಗೆ ನಿಲ್ಲಿಸಿ ಮಗುಚಿಹಾಕಿತು. ಮೂವರು ಸತ್ತರು. ನನ್ನ ತಮ್ಮನ ದೇಹ ಶುಕ್ರವಾರ ಸಿಕ್ಕಿತು.

ಮಣ್ಣು ಮಾಡಿದ ಮೇಲೆ ಸಭೆ ಸೇರಿತು. ಮಂಗಳವಾರ ಜಗುಲಿಯಲ್ಲಿ ಮೇಷ್ಟ್ರು ಎಣಿಸುತ್ತಿದ್ದುದನ್ನು ಯಾರೋ ನೋಡಿದ್ದರು. ನಾನು ಸೂತಕದ ಕೆಂಪು ಬಟ್ಟೆ ಸುತ್ತಿಕೊಂಡು ಅಮ್ಮನ ಪಕ್ಕ, ಅಳುವ ಹೆಂಗಸರ ನಡುವೆ ಕೂತಿದ್ದೆ.

"ಅಲೆ ಬರೋದು ನಿಮಗೆ ಗೊತ್ತಿತ್ತಾ?" ನಾನಾ ಅಮಿಸಾ ಕೇಳಿದರು.

"ಗೊತ್ತಿತ್ತು."

"ಹೋದ ವರ್ಷ ಹೇಳಿದ್ರಿ. ಈ ಸಲ ಯಾಕೆ ಹೇಳ್ಲಿಲ್ಲ?"

ಹೋದ ವರ್ಷ ಹೇಳಿದ್ದಕ್ಕೆ ಕುರಿ ಕಿತ್ತುಕೊಂಡವರು ಇವರೇ. ಅದನ್ನು ಒಬ್ಬರಾದರೂ ನೆನೆಸಬೇಕಲ್ಲ? ಯಾರೂ ನೆನೆಸಲಿಲ್ಲ.

"ನಿಮ್ಮನ್ನ ಯಾರಾದ್ರೂ ತಡೆದ್ರಾ ಮೇಷ್ಟ್ರೇ?"

ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಇಲ್ಲ. ಯಾರೂ ತಡೀಲಿಲ್ಲ."

ಅಮ್ಮ ಎದ್ದುಹೋಗಿ ಅವರ ಕಾಲ ಬಳಿ ಉಗುಳಿದಳು. "ನನ್ನ ಮಗನ ಜೊತೆ ಒಂದೇ ತಟ್ಟೇಲಿ ಕೈ ಇಟ್ಟವನು ನೀನು! ನನ್ನ ಮಗಳು ಇನ್ನು ನಿನ್ನ ಹೊಸಿಲು ತುಳಿಯಲ್ಲ," ಎಂದಳು. ಈ ಸಲದ ದಂಡ ಎರಡು ಕುರಿ. ಮೇಷ್ಟ್ರು ತಲೆಯಾಡಿಸಿ ಒಪ್ಪಿಕೊಂಡರು.

ನಾನು ಅಮ್ಮನ ಹಿಂದೆ ಅವಳ ಮನೆಗೆ ಹೋದೆ. ಮೇಷ್ಟ್ರು ಇನ್ನೂ ಒಂಬತ್ತು ವರ್ಷ ಒಬ್ಬರೇ ಬದುಕಿದ್ದರು, ಒಬ್ಬರೇ ಸತ್ತರು. ಅವರ ಬಾಯಿಗೆ ಬೀಗ ಹಾಕಲು ನಾನಿದ್ದೆ. ಆ ಸಭೆಯಲ್ಲಿ ನನ್ನ ಬಾಯಿಗೆ ಬೀಗ ಹಾಕಿದವರು ಯಾರೂ ಇರಲಿಲ್ಲ.