ಮಿರಗನ ಕಾಲಿಗೆ ನೀರು

ಮಸ್ಕಿಯ ಗುಡ್ಡದ ಓರೆಯಲ್ಲಿ ಸಜ್ಜೆ ಬಿತ್ತುವ ಮುದುಕಪ್ಪನಿಗೆ ಮಳೆಗಳೆಲ್ಲ ಬೀಗರು. ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಕೆಳಗಿನವರು ಆಕಾಶ ನೋಡುವುದನ್ನೇ ಮರೆತಿದ್ದಾರೆ. ಇವನು ಮಾತ್ರ ಮುಂಜಾನೆ ಎದ್ದು ಮೋಡಗಳ ಯೋಗಕ್ಷೇಮ ವಿಚಾರಿಸುತ್ತಾನೆ. ರೇಡಿಯೋದಲ್ಲಿ ಮಳೆಯ ಸುದ್ದಿ ಬಂದರೆ, "ನಮ್ಮ ಬೀಗರ ಸುದ್ದಿ ಅವರಿಗ್ಯಾಕ?" ಎಂದು ಆರಿಸುತ್ತಾನೆ. ರೋಹಿಣಿ ಮಳೆ ಸಿಡುಕಿನ ಅತ್ತಿಗೆ, ಹುಬ್ಬಿ ಮಳೆ ಕಿವುಡ ಕಾಕಾ, ಬಿತ್ತನೆಗೆ ಬರುವ ಮಿರಗ, ಅಂದರೆ ಮೃಗಶಿರಾ ಮಳೆಯಂತೂ ಮನೆಯ ಅಳಿಯ. ಅಳಿಯ ಬಂದರೆ ಕಾಲಿಗೆ ನೀರು ಕೊಡಬೇಡವೇ? ಮಿರಗ ಶುರುವಾಗುವ ದಿನ ಹೊಲದ ಬದುವಿನ ಮೇಲೆ ಹಿತ್ತಾಳೆ ತಂಬಿಗೆ ತುಂಬಿಟ್ಟು, ಪಕ್ಕದಲ್ಲಿ ಟವೆಲ್ಲೂ ಮಡಚಿಟ್ಟು, ಅರೆಗಣ್ಣು ಮುಚ್ಚಿ ಕೂಡುತ್ತಾನೆ. ಬಿಸಿಲಿಗೆ ನೀರು ಇಳಿದರೆ, "ಬರಾಕತ್ತಾನ, ನೀರಡಿಸ್ಯಾನ" ಎನ್ನುತ್ತಾನೆ. "ಗುಡ್ಡಕ್ಕ ಹೊತ್ತು ತಂದಾಕಿಗೂ ಒಂದು ಗುಟುಕು ಉಳಸ್ರಿ" ಎಂದು ಹೆಂಡತಿ ಆದಮ್ಮ ಬೈಯುತ್ತಾಳೆ. ಈಚೆಗೆ ಅಳಿಯ ಹೇಳಿದ ದಿನಕ್ಕೆ ಬರುವುದಿಲ್ಲ. ಬಂದೇ ಬರುತ್ತಾನೆಂದು ನಂಬಿ ಮುದುಕಪ್ಪ ಹೋದ ವರ್ಷ ಒಣಮಣ್ಣಿಗೇ ಬೀಜ ಹಾಕಿದ್ದ. ಮಿರಗ ಪೂರಾ ಒಣಗಿಹೋಯಿತು. ಆಮೇಲೆ ಒಂದು ಸಂಜೆ ವರ್ಷದ ಮಳೆಯೆಲ್ಲ ಒಮ್ಮೆಲೇ ಸುರಿದು, ಬೀಜ, ಮಣ್ಣು, ತಂಬಿಗೆ ಎಲ್ಲವನ್ನೂ ಕೆಳಗಿನ ಗದ್ದೆಗಳಿಗೆ ಒಯ್ದಿತು. ಗದ್ದೆಯ ಕರಿಬಸಪ್ಪ ನೆಗ್ಗಿದ ತಂಬಿಗೆಯ ಕೆಸರು ತೊಳೆದು ತಂದುಕೊಟ್ಟು, "ನಿನ್ನ ಅಳಿಯ ಬಂದಿದ್ನಲ್ಲೋ" ಎಂದ. ಮುದುಕಪ್ಪ ಬರೀ ಬಂಡೆ ಉಳಿದ ಹೊಲದಲ್ಲಿ ಮತ್ತೆ ತಂಬಿಗೆ ತುಂಬಿಟ್ಟು, ದಾರಿಯ ಕಡೆ ನೋಡುತ್ತ ಮೆಲ್ಲಗೆ ಹೇಳಿದ: "ಅಂವ ಬ್ಯಾರೆ ಯಾರೋ. ನಮ್ಮಾಂವ ಹಿಂಗ ಮಾಡಾಂವಲ್ಲ. ಇನ್ನಾ ದಾರ್ಯಾಗ ಅದಾನ."