ಮನೆಗೊಂದು ಲೋಟ

ಎರ್ಮೆಲಿಂದಾ ಕಾವಿಚ್ ಹನ್ನೊಂದು ವರ್ಷದಿಂದ ಊರಿನವರಿಗೆ ಸಕ್ಕರೆ ಕಾಯಿಲೆಯ ಪಾಠ ಹೇಳುತ್ತಿದ್ದಾಳೆ. ಹೇಳುತ್ತ ಹೇಳುತ್ತಲೇ ತಾನೂ ಅದನ್ನು ಅಂಟಿಸಿಕೊಂಡಳು. ಊರಿನವರು ಇದನ್ನು ನೆನೆಸಿಕೊಂಡು ನಗುತ್ತಾರೆ. ನಗಲಿ. ಅವಳಿಗೆ ಆ ಕಾಯಿಲೆ ಕೊಟ್ಟವರು ಅವರೇ, ಅದೂ ಕೈಯಾರೆ, ಲೋಟದ ತುಂಬ, ಪ್ರೀತಿಯಿಂದ.

ಯುಕಾತಾನ್ ಸೀಮೆಯ ನಮ್ಮ ಹಳ್ಳಿಗಳಲ್ಲಿ ಮನೆಗೆ ಬಂದವರಿಗೆ ಬರೀ ನೀರು ಕೊಟ್ಟರೆ ಮರ್ಯಾದೆ ಹೋದ ಹಾಗೆ. ನೀರನ್ನು ಹಿತ್ತಿಲ ಹಂದಿಗೂ ಕೊಡುತ್ತಾರೆ. ನೆಂಟರು ಬಂದರೆ ಮೂಲೆ ಅಂಗಡಿಯಿಂದ ಕಪ್ಪು ಸೋಡಾ ಬರಬೇಕು, ಎದುರಿಗೇ ಬಾಟಲಿಯ ಮುಚ್ಚಳ ತೆಗೆಯಬೇಕು, ನೊರೆ ಇಳಿಯುವ ಮೊದಲು ಕೈಗಿಡಬೇಕು. ಬೇಡ ಎಂದವರು ಆ ಮನೆಯನ್ನೇ ಬೇಡ ಎಂದ ಹಾಗೆ. ಎರ್ಮೆಲಿಂದಾಳದು ಆರೋಗ್ಯ ಕೇಂದ್ರದ ಕೆಲಸ, ಎಂದರೆ ಮನೆಮನೆ ತಿರುಗುವ ಕೆಲಸ. ಬೆಳಗಿನಿಂದ ಮಧ್ಯಾಹ್ನದವರೆಗೆ ಎಂಟು ಮನೆ, ಎಂಟು ಲೋಟ. ಸೋಡಾ ಕುಡಿಯಬೇಡಿ ಎಂದು ಹೇಳಲು ಹೋದವಳು ಗಂಟಲು ಒಣಗಿದಾಗ ಕುಡಿಯುತ್ತಿದ್ದುದೂ ಅದನ್ನೇ.

ಹೊಟ್ಟೆ ಸರಿಯಿಲ್ಲ ಎಂದು ಹೇಳಿ ನೋಡಿದಳು. ಹೊಟ್ಟೆಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ ಎಂದು ಇನ್ನಷ್ಟು ಸುರಿದರು. ಕನ್ಯಾಮಾತೆಗೆ ಹರಕೆ ಹೊತ್ತಿದ್ದೇನೆ ಎಂದಳು. ಪಾಪ, ಹರಕೆ ಮುಗಿದ ಮೇಲೆ ಕುಡಿಯಲಿ ಎಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಂಟು ಕಟ್ಟಿ ಕೊಟ್ಟರು. ಒಳ್ಳೆಯತನದ ವಿರುದ್ಧ ಯಾರು ತಾನೇ ಎಷ್ಟು ಹೊತ್ತು ಹೋರಾಡಬಲ್ಲರು?

ಇದರ ಮೇಲೆ ಒಂದು ದಿನ ಪೇಟೆಯಿಂದ ಆಹಾರ ತಜ್ಞೆಯೊಬ್ಬಳು ಬಂದಳು. ಎಳೆಯ ಹುಡುಗಿ, ಮಾತು ಬಲು ಮೃದು. ಯಾವ ತಿನಿಸೂ ಪಾಪದ್ದಲ್ಲ, ಚಿಪ್ಸಾಗಲಿ ಸೋಡಾ ಆಗಲಿ, ಊಟ ಸರಿಯಿದ್ದರೆ ನಡುವೆ ಸ್ವಲ್ಪ ತೆಗೆದುಕೊಂಡರೆ ಏನೂ ಆಗುವುದಿಲ್ಲ ಎಂದಳು. ಅವಳು ಹೇಳಿದ್ದು ಸುಳ್ಳಲ್ಲ, ಎರ್ಮೆಲಿಂದಾಗೂ ಅದು ಗೊತ್ತು. ಆದರೆ ಒಂದು ಗಂಟೆಯ ಭಾಷಣದಲ್ಲಿ ಊರಿಗೆ ನೆನಪುಳಿದದ್ದು ಆ ಒಂದು ಮಾತು ಮಾತ್ರ. ಅಂದಿನಿಂದ ಪ್ರತಿ ಮನೆಯಲ್ಲೂ ಅದನ್ನೇ ಅವಳಿಗೆ ತಿರುಗಿಸಿ ಹೇಳಿ ಲೋಟ ಚಾಚತೊಡಗಿದರು. ಒಬ್ಬೊಬ್ಬರದೂ ಸ್ವಲ್ಪವೇ. ಎಲ್ಲರ ಸ್ವಲ್ಪವೂ ಬಂದು ಸೇರುತ್ತಿದ್ದುದು ಅವಳೊಬ್ಬಳ ಹೊಟ್ಟೆಗೆ.

ಈ ವರ್ಷ ಬಲಗಾಲಿನ ಕಿರುಬೆರಳಿಗೆ ಚಪ್ಪಲಿ ಕಚ್ಚಿ ಗಾಯವಾಯಿತು. ಎರಡು ತಿಂಗಳಾದರೂ ಮಾಯಲಿಲ್ಲ. ಕೇಂದ್ರದ ಡಾಕ್ಟರು ಬೆರಳು ಒತ್ತಿ ನೋಡಿ, "ನೋವಾಗ್ತಿದ್ಯಾ?" ಎಂದರು.

"ಇಲ್ಲ ಡಾಕ್ಟ್ರೇ."

"ಅದೇ ನನಗೆ ಭಯ. ಈ ತಿಂಗಳು ಸಕ್ಕರೆ ಇಳೀದಿದ್ರೆ ಬೆರಳು ತೆಗೀಬೇಕಾಗತ್ತೆ. ಬೆರಳಿಗೇ ನಿಲ್ಲತ್ತೆ ಅಂತಾನೂ ಹೇಳಲಾರೆ."

ಅಂದು ಅವಳು ಒಂದು ಹನಿಯೂ ಮುಟ್ಟುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಳು. ಹತ್ತೊಂಬತ್ತು ದಿನ ನಡೆಯಿತು. ಮೂರು ಮನೆಯವರು ಮುಖ ಊದಿಸಿಕೊಂಡು ಬಾಗಿಲು ತೆರೆಯುವುದನ್ನೇ ಬಿಟ್ಟರು. ಹೋಗಲಿ ಎಂದುಕೊಂಡಳು. ಗಾಯದ ಅಂಚು ಸ್ವಲ್ಪ ಕೆಂಪಗೆ ಚಿಗುರುತ್ತಿತ್ತು, ಅದನ್ನು ಬೆಳಗ್ಗೆ ಎದ್ದು ನೋಡಿ ಖುಷಿಪಡುತ್ತಿದ್ದಳು.

ಇಪ್ಪತ್ತನೆಯ ದಿನ ಗುದೆಲಿಯಾಳ ಮನೆಗೆ ಹೋಗಲೇಬೇಕಾಯಿತು. ಗುದೆಲಿಯಾ ಎಂದರೆ ಓಣಿಗೆಲ್ಲ ಹಿರಿಯಳು, ಎಲ್ಲರೂ ಮರ್ಯಾದೆಯಿಂದ ದೋನ್ಯಾ ಎಂದೇ ಕರೆಯುವವಳು, ಕೈ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಅವಳ ಸೊಸೆ ಯೆಸ್ಮಿಗೆ ಏಳು ತಿಂಗಳು. ಪರೀಕ್ಷೆಯಲ್ಲಿ ರಕ್ತದ ಸಕ್ಕರೆ ವಿಪರೀತ ಏರಿತ್ತು. ಮಂಗಳವಾರ ದೊಡ್ಡಾಸ್ಪತ್ರೆಗೆ ಹೋಗಬೇಕು, ಅಲ್ಲಿಯವರೆಗೆ ಸಿಹಿ ಮುಟ್ಟಬಾರದು. ಕೇಂದ್ರಕ್ಕೆ ಬಾ ಎಂದು ಎರಡು ಸಲ ಹೇಳಿ ಕಳಿಸಿದರೂ ಅತ್ತೆ ಸೊಸೆಯನ್ನು ಹೊರಗೆ ಬಿಟ್ಟಿರಲಿಲ್ಲ.

ಯೆಸ್ಮಿ ಗೋಡೆಯಿಂದ ಗೋಡೆಗೆ ಕಟ್ಟಿದ ಜೋಲಿಯಲ್ಲಿ ಕುಳಿತಿದ್ದಳು, ಪಾದಗಳು ಊದಿದ್ದವು. ಗುದೆಲಿಯಾ ಮೇಜಿನ ಮೇಲೆ ಎರಡೂವರೆ ಲೀಟರಿನ ಬಾಟಲಿ ಇಟ್ಟು ಒಂದು ಲೋಟ ತುಂಬಿಸಿದಳು.

"ಕುಡಿಯೇ ಎರ್ಮೆ. ಬಿಸಿಲಲ್ಲಿ ಬಂದಿದ್ದೀಯ."

"ಬೇಡ ದೋನ್ಯಾ ಗುದೆಲಿಯಾ. ನಾನು ಬಿಟ್ಟಿದ್ದೀನಿ."

"ಬಿಟ್ಟಿದ್ದೀಯಾ! ಹತ್ತು ವರ್ಷ ನನ್ನ ಮನೇಲಿ ಹೀರಿದವಳು ಈಗ ದೊಡ್ಡ ಮನುಷ್ಯಳಾದೆ. ನನ್ನ ಲೋಟ ಏನು ನಾರತ್ತಾ?"

"ಹಾಗಲ್ಲ. ನನ್ನ ಕಾಲು ನೋಡಿ..."

"ಕಾಲಿಂದ ಕುಡೀತೀಯೇನೇ ನೀನು?"

ತನ್ನ ಮಾತಿಗೆ ತಾನೇ ನಕ್ಕು ಗುದೆಲಿಯಾ ಲೋಟವನ್ನು ಎತ್ತಿದಳು. ಸುರಿದದ್ದನ್ನು ಚೆಲ್ಲುವ ಪದ್ಧತಿ ಆ ಮನೆಯಲ್ಲಿಲ್ಲ, ಬಾಟಲಿಗೆ ಮರಳಿ ಹಾಕುವುದಂತೂ ಹೇಸಿಗೆ. ಅವಳು ತಿರುಗಿ ಲೋಟವನ್ನು ಸೊಸೆಯ ಕೈಗೆ ಕೊಟ್ಟಳು.

"ತಗೋ ಮಗಳೇ. ನೊರೆ ಹೋಗತ್ತೆ. ಇದು ಇವತ್ತಿಂದು ಮೂರನೇದು, ಮಗೂಗೆ ಒಳ್ಳೇ ತಂಪು."

ಯೆಸ್ಮಿ ಎರಡೂ ಕೈಯಲ್ಲಿ ಲೋಟ ಹಿಡಿದು ಎರ್ಮೆಲಿಂದಾಳ ಮುಖ ನೋಡಿದಳು. ಏನಾದರೂ ಮಾಡಿ ಎನ್ನುವಂತಿತ್ತು ಆ ನೋಟ. ಅತ್ತೆಗೆ ಎದುರಾಡುವ ಧೈರ್ಯ ಆ ಹುಡುಗಿಗೆ ಇರಲಿಲ್ಲ, ಆ ವಯಸ್ಸಿಗೆ ಅದು ಬರುವುದೂ ಇಲ್ಲ. ಲೋಟ ತುಟಿಯ ಹತ್ತಿರ ಹೋಯಿತು.

"ಕೊಡಮ್ಮ ಇಲ್ಲಿ," ಎಂದು ಎರ್ಮೆಲಿಂದಾ ಕೈ ಚಾಚಿ ಕಸಿದುಕೊಂಡಳು. "ತಮಾಷೆಗೆ ಅಂದೆ. ನನ್ನ ಪಾಲು ನಂಗೇ ಬೇಕು."

ಒಂದೇ ಉಸಿರಿಗೆ ಕುಡಿದಳು. ಹತ್ತೊಂಬತ್ತು ದಿನದ ನಂತರ ಅದು ರುಚಿಯಾಗಿಯೇ ಇತ್ತು, ಅದಕ್ಕಾಗಿ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಗುದೆಲಿಯಾಳ ಮುಖ ಅರಳಿತು. "ಹಾಂ, ಈಗ ನಮ್ಮ ಎರ್ಮೆ! ನೋಡಿದ್ಯಾ ಯೆಸ್ಮಿ, ಪಾಠ ಹೇಳೋರೇ ಕುಡೀತಾರೆ. ಸ್ವಲ್ಪ ಕುಡಿದ್ರೆ ಏನಾಗತ್ತೆ?"

"ದೋನ್ಯಾ, ಮಂಗಳವಾರ ಇವಳನ್ನ ನನ್ನ ಜೊತೆ ಕಳಿಸಿ," ಎಂದಳು ಎರ್ಮೆಲಿಂದಾ.

"ಮಂಗಳವಾರ ಇನ್ನೂ ದೂರ ಇದೆ. ಆರಾಮಾಗಿ ಕೂತ್ಕೋ, ಮಾತಾಡೋಣ. ಯೆಸ್ಮಿ, ನಿನ್ನ ಲೋಟ ಎಲ್ಲಿ? ಮುಚ್ಚಳ ತೆಗೆದದ್ದನ್ನ ಸಂಜೆಯೊಳಗೆ ನೀನೇ ಮುಗಿಸಬೇಕು, ಇಲ್ದಿದ್ರೆ ಸಪ್ಪೆ ಆಗತ್ತೆ."

ಎರ್ಮೆಲಿಂದಾ ಬಾಟಲಿ ನೋಡಿದಳು. ಅರ್ಧಕ್ಕಿಂತ ಹೆಚ್ಚೇ ಇತ್ತು. ಅವಳು ಪ್ಲಾಸ್ಟಿಕ್ ಕುರ್ಚಿಯನ್ನು ಜೋಲಿಗೂ ಮೇಜಿಗೂ ನಡುವೆ ಎಳೆದುಕೊಂಡು ಕುಳಿತಳು. ಆಮೇಲೆ ಖಾಲಿ ಲೋಟವನ್ನು ಮುಂದಕ್ಕೆ ಚಾಚಿದಳು.

"ಅವಳಿಗೆ ಯಾಕೆ ದೋನ್ಯಾ, ನಂಗೇ ಹಾಕಿ," ಎಂದಳು. "ಪೂರ್ತಿ ಹಾಕಿ."